ಸೋಪಿನಲ್ಲಿ ತೊಳೆದ ಗರಿಗಳು

ಲಾಯೆ ಬಂದರಿನ ಮರದ ಕಾರ್ಖಾನೆಯಲ್ಲಿರುವ ನನ್ನ ಅಣ್ಣ ಅಯ್ಪೆಗೆ, ಗುಡ್ಡದ ಮೇಲಿನ ಮನೆಯಿಂದ ತಮ್ಮ ತುಮುನ್ ಬರೆಯುವುದು.

ನಿನಗೆ ಓದಲು ಬರುವುದಿಲ್ಲ. ಯಾರೋ ಪಕ್ಕದಲ್ಲಿ ಕೂತು ಇದನ್ನು ಓದಿ ಹೇಳುತ್ತಿರುತ್ತಾರೆ. ಅವರಿಗೆ ನನ್ನದೊಂದು ಮಾತು: ದಯವಿಟ್ಟು ಒಂದು ಸಾಲೂ ಬಿಡಬೇಡಿ, ಒರಟಾಗಿದೆ ಎಂದು ನಯ ಮಾಡಬೇಡಿ. ಇವನು ನಡುವೆ ಎದ್ದು ಹೋದರೆ ಹೋಗಲಿ. ವಾಪಸ್ ಬಂದಾಗ ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಿ.

ಅಣ್ಣಾ, ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಂದಿ ಹಬ್ಬದ ಕುಣಿತದ ದಿನ ನಮ್ಮ ಮುಂದಿನ ಸಾಲಿನ ಗರಿಗಳು ಮಂಕಾದದ್ದು ನಿನ್ನ ಕೆಲಸದಿಂದಲ್ಲ. ಹಿಂದಿನ ದಿನ ನಾನು ಅವನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದೆ. ಹನ್ನೊಂದು ತಿಂಗಳಿಂದ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೆಣಸು ತಿಂದಿದ್ದೇನೆ, ಕಾಫಿ ಬಿಡಿಸಿದ್ದೇನೆ, ನಕ್ಕಿದ್ದೇನೆ ಕೂಡ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಚಿಕ್ಕಪ್ಪ ಕೊನಂಗಿಲ್ ಸಾಯುತ್ತಿದ್ದಾರೆ. ಕಳೆದ ಎರಡು ತಿಂಗಳಿಂದ ಕೆಮ್ಮು. ಈಗ ಕಫದಲ್ಲಿ ರಕ್ತ. ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತೇವೆ ಎಂದರೆ ಒಪ್ಪುವುದಿಲ್ಲ. "ನನ್ನ ತಲೆಯ ಜಿಡ್ಡು ದಾಂಬೆಯವರ ಕೈಯಲ್ಲಿದೆ. ಅವರು ಅಲ್ಲಿ ಕೂತು ನನ್ನನ್ನ ತಿಂತಿದ್ದಾರೆ. ಅದಕ್ಕೆ ಸೂಜಿ ಏನ್ಮಾಡುತ್ತೆ?" ಎನ್ನುತ್ತಾರೆ. ನಾಳೆ ನಮ್ಮ ಗಂಡಸರೆಲ್ಲ ಸೇರುತ್ತಾರೆ. ಚಿಕ್ಕಪ್ಪನ ಉಸಿರು ನಿಲ್ಲುವ ಮೊದಲೇ ನಮ್ಮ ಹಳೆಯ ಶತ್ರು ಕುಲದ ಆ ದಾಂಬೆಯವರ ಮೇಲೆ ಬೀಳಬೇಕು ಎಂಬುದು ವಮ್ದಿ ದೊಡ್ಡಪ್ಪನ ಮಾತು. ಅದಾದ ಮೇಲೆ ಇಬ್ಬರು ಲಾಯೆಗೆ ಬಂದು ನಿನ್ನನ್ನು ನೋಡಿಕೊಳ್ಳಬೇಕು ಎಂದೂ ಹೇಳಿದ್ದಾರೆ. ನೋಡಿಕೊಳ್ಳುವುದು ಎಂದರೆ ಏನೆಂದು ನಿನಗೆ ಗೊತ್ತು. ನಾಳೆ ನಾನು ಎದ್ದು ನಿಂತು ಸೋಪಿನ ವಿಷಯ ಹೇಳುತ್ತೇನೆ. ಅವರಿಗಿಂತ ಮೊದಲು ನಿನಗೆ ಹೇಳಬೇಕು ಎನ್ನಿಸಿ ಇವತ್ತು ಬರೆಯಲು ಕೂತಿದ್ದೇನೆ.

ನಡೆದದ್ದು ಹೀಗೆ. ಹಬ್ಬಕ್ಕೆ ಮೂರು ದಿನ ಇರುವಾಗ ಚಿಕ್ಕಪ್ಪ ಮಾಡಿನ ಬಿದಿರು ಕೊಳವೆಗಳನ್ನು ಇಳಿಸಿ ನನ್ನ ಮುಂದಿಟ್ಟರು. ಮುಂದಿನ ಸಾಲಿನ ಆರು ಜನರ ಕೆಂಪು ಗರಿ ಗೊಂಚಲುಗಳು ಅದರಲ್ಲಿದ್ದವು. ನನಗೆ ಅದು ಮೊದಲ ಕುಣಿತ. "ಮಸಿ ಒರೆಸು ಸಾಕು. ಆಮೇಲೆ ಕುದಿಯೋ ನೀರಿನ ಆವಿ ಮೇಲೆ ಹಿಡಿದು ಒದರು. ಜಾಸ್ತಿ ಬುದ್ಧಿ ಓಡಿಸ್ಬೇಡ" ಎಂದರು. ಒಂದೊಂದನ್ನೂ ಎತ್ತಿ ತೋರಿಸಿ, ಇದು ಯಾರು ತಂದದ್ದು, ಅದು ಯಾರಿಗೆ ಯಾವ ಮದುವೆಯಲ್ಲಿ ಬಂದದ್ದು ಎಂದು ಹೇಳಿದರು. ತಾತ ಇಡೀ ಒಂದು ಬಂಗಾರದಂಚಿನ ಚಿಪ್ಪನ್ನು ಎದೆಗೆ ಕಟ್ಟಿಕೊಂಡು, ಉತ್ತರದ ಬೆಟ್ಟ ದಾಟಿ ಜಿಮಿ ಕಣಿವೆಗೆ ಒಂಬತ್ತು ದಿನ ನಡೆದು, ಅಲ್ಲಿಯವರಿಗೆ ಚಿಪ್ಪು ಕೊಟ್ಟು, ಎರಡು ಹಕ್ಕಿಗಳ ಗರಿ ತಂದದ್ದನ್ನು ಮತ್ತೊಮ್ಮೆ ಹೇಳಿದರು. ನಾನು ಶಾಲೆಯಲ್ಲಿ ಕೇಳಿದ್ದನ್ನು ಹೇಳಿದೆ: ಹಿಂದೆ ಕರಾವಳಿಗೆ ಹಡಗುಗಳು ಬಂದು ಇದೇ ಹಕ್ಕಿಗಳನ್ನು ಸಾವಿರಗಟ್ಟಲೆ ಕೊಂದು ಪೆಟ್ಟಿಗೆ ತುಂಬಿ ಒಯ್ಯುತ್ತಿದ್ದವಂತೆ, ಬಿಳಿಯರ ಹೆಂಗಸರ ಟೋಪಿಗೆ. ಚಿಕ್ಕಪ್ಪ ಗರಿ ಕೆಳಗಿಟ್ಟು ನಕ್ಕರು. "ಹೆಂಗಸರು ಗರಿ ಸಿಕ್ಕಿಸ್ಕೊಂಡ್ರೆ ಅವರ ಗಂಡಸರು ಏನು ಹಾಕ್ಕೊಂಡು ಕುಣೀತಿದ್ರು?" ಅವರು ಕುಣಿಯುತ್ತಿರಲಿಲ್ಲವೇನೋ ಎಂದೆ. "ಅದಕ್ಕೇ ಮುಖ ಹಂಗಿದೆ ಅವರದ್ದು, ಪುಕ್ಕ ಕಿತ್ತ ಕೋಳಿ ತರ" ಎಂದರು. ಅವತ್ತು ಅವರಿಗೆ ಕೆಮ್ಮು ಇರಲಿಲ್ಲ.

ನಾನು ಎರಡು ದಿನ ಮಸಿ ಒರೆಸಿದೆ. ಹೋಗಲಿಲ್ಲ. ವರ್ಷಗಟ್ಟಲೆ ಒಲೆಯ ಹೊಗೆ ಹಿಡಿದ ಗರಿ. ಶಾಲೆಗೆ ಹೋಗುತ್ತಿದ್ದಾಗ ಅಂಗಡಿಯ ನೀಲಿ ಸೋಪಿನ ಪುಡಿಯಲ್ಲಿ ನನ್ನ ಅಂಗಿ ತೊಳೆಯುತ್ತಿದ್ದೆನಲ್ಲ, ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ಅದೇ ನೆನಪಾಯಿತು. ದಾಂಬೆಯವರು ನೋಡಲು ಬರುತ್ತಾರೆ, ಅವರ ಕಣ್ಣು ಕುಕ್ಕಬೇಕು ಎಂದುಕೊಂಡೆ. ಯಾರಿಗೂ ಹೇಳದೆ ಹೊಳೆಯ ಕೆಳಗಿನ ಮಡುವಿಗೆ ಹೋಗಿ ಆರು ಗೊಂಚಲನ್ನೂ ನೊರೆ ಬರಿಸಿ ತೊಳೆದೆ. ನೀರು ಕಪ್ಪಾಗಿ ಹರಿಯಿತು. ನನಗೆ ಖುಷಿಯಾಯಿತು. ಒಣಗಿದ ಮೇಲೆ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೆಳಗಿನ ಹೊತ್ತಿಗೆ ಬಿಡಿಸಿಕೊಳ್ಳುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿರಲಿಲ್ಲ.

ಕುಣಿತದ ದಿನ ನೀನು ಮುಂದಿನ ಸಾಲಿನ ನಡುವೆ ಇದ್ದೆ, ನಾನು ನಿನ್ನ ಎಡಕ್ಕೆ ತುದಿಯಲ್ಲಿ. ಮೈಗೆಲ್ಲ ಹಂದಿಯ ಕೊಬ್ಬು ಸವರಿಕೊಂಡಿದ್ದೆವು, ಮುಖಕ್ಕೆ ಇದ್ದಿಲು. ಮೈ ಹೊಳೆಯುತ್ತಿತ್ತು. ತಲೆಯ ಮೇಲಿನದು ಮಾತ್ರ ಹೊಳೆಯುತ್ತಿರಲಿಲ್ಲ. ನಾವು ಬಗ್ಗಿ ಎದ್ದಾಗ ಹಿಂದಿನ ಸಾಲಿನವರ ಗರಿಗಳು ಬೆಂಕಿಯಂತೆ ಏಳುತ್ತಿದ್ದವು, ನಮ್ಮವು ಒದ್ದೆ ಹುಲ್ಲಿನಂತೆ ಬಡಿದುಕೊಳ್ಳುತ್ತಿದ್ದವು. ಇಳಿಜಾರಿನಲ್ಲಿ ಕೂತಿದ್ದ ದಾಂಬೆಯವರ ಮಾತು ನನ್ನ ತುದಿಗೆ ಚೆನ್ನಾಗಿ ಕೇಳುತ್ತಿತ್ತು.

"ಮುಂದಿನ ಸಾಲು ನೋಡ್ರೋ. ಮಳೇಲಿ ನೆಂದ ಕೋಳಿ ತರ ಇದ್ದಾರೆ."

"ಕೋಳಿ ಆದ್ರೆ ಒದರ್ಕೊಳ್ತಿತ್ತು. ಇವರಿಗೆ ಅದೂ ಆಗ್ತಿಲ್ಲ."

"ಸುಮ್ನಿರಿ. ಒಳಗೆ ಏನೋ ಕೊಳೆತಿದೆ ಇವರಿಗೆ. ಒಬ್ಬ ಇನ್ನೊಬ್ಬನ್ನ ಮಾರ್ಕೊಂಡಿದ್ದಾನೆ. ಈಗ ಎಣಿಸ್ಕೊಳ್ಳಿ, ಎಷ್ಟು ಜನ ನಿಂತಿರ್ತಾರೆ ಅಂತ."

ಕೊನೆಯ ಮಾತು ಹೇಳಿದವನು ನಗುತ್ತಿರಲಿಲ್ಲ. ನಮ್ಮ ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಿದ್ದ, ಯಾವ ಮರವನ್ನು ಮೊದಲು ಕಡಿಯಬೇಕು ಎಂದು ನೋಡುವ ಹಾಗೆ. ಒಗ್ಗಟ್ಟಿಲ್ಲದ ಕುಲದ ಗರಿ ಹೊಳೆಯುವುದಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಗರಿ ಮಂಕಾದ ವರ್ಷ ಯಾರ ಮೇಲೆ ದಾಳಿ ಮಾಡಬಹುದು ಎಂದೂ ಎಲ್ಲರಿಗೂ ಗೊತ್ತು.

ವಮ್ದಿ ದೊಡ್ಡಪ್ಪ ಕುಣಿತ ನಿಲ್ಲಿಸಿ ನಮ್ಮೆಲ್ಲರನ್ನೂ ಬೇಲಿಯೊಳಗೆ ಕೂರಿಸಿದರು. "ಯಾರ ಹೊಟ್ಟೇಲಿ ಏನಿದೆ, ಇಲ್ಲಿ ಹಾಕಿ. ಈಗಲೇ. ಹೊರಗೆ ಅವರು ಕಾಯ್ತಿದ್ದಾರೆ." ಒಬ್ಬ ಎದ್ದು, ತನ್ನ ಅಣ್ಣನ ಹಂದಿಮರಿ ಕಳೆದುಹೋಗಿರಲಿಲ್ಲ, ತಾನೇ ತಿಂದೆ ಎಂದ. ಇನ್ನೊಬ್ಬ, ವಮ್ದಿ ದೊಡ್ಡಪ್ಪನನ್ನೇ ನೋಡುತ್ತ, ನೀವು ನನ್ನ ಗಡಿಯ ಮರ ಕಡಿದಾಗ ನೀವು ಸಾಯಬೇಕು ಅಂದುಕೊಂಡಿದ್ದೆ ಎಂದ. "ಇನ್ನೂ ಅನ್ಕೊಳ್ತಿದ್ದೀಯಾ?" "ಸ್ವಲ್ಪ." ಯಾರೂ ನಗಲಿಲ್ಲ. ಗರಿಗಳನ್ನು ನೋಡಿದರು. ಅವು ಹಾಗೇ ಇದ್ದವು. ಆಮೇಲೆ ಯಾರೂ ಏಳಲಿಲ್ಲ.

ನಾನು ಎಡಗೈ ನೆಲಕ್ಕೆ ಊರಿದೆ ಅಣ್ಣಾ. ಏಳುವುದಕ್ಕೆ. ಇದನ್ನು ನೀನು ನಂಬಬೇಕು ಎಂದು ನನ್ನ ಆಸೆ, ನಂಬದಿದ್ದರೂ ತಪ್ಪಿಲ್ಲ. ಅಷ್ಟರಲ್ಲಿ ನೀನು ಎದ್ದೆ.

"ಚಿಕ್ಕಪ್ಪನ ಕರಿಬಾಲದ ಗರಿ ಇಲಿ ತಿಂತು ಅಂದಿದ್ದೆ. ಇಲಿ ತಿಂದಿಲ್ಲ. ಹೋದ ವರ್ಷ ಅದನ್ನ ದಾಂಬೆಯ ಕುಪಾಲ್‌ಗೆ ಕೊಟ್ಟೆ. ಯಾರೂ ಕಿತ್ಕೊಂಡಿಲ್ಲ, ನಾನಾಗೇ ಕೊಟ್ಟೆ."

ಬುಡವನ್ನು ಒರೆಸಿ ಕೊಟ್ಟೆಯಾ ಎಂದು ವಮ್ದಿ ದೊಡ್ಡಪ್ಪ ಕೇಳಿದರು. ಹದಿನೈದು ವರ್ಷ ಚಿಕ್ಕಪ್ಪನ ಕೂದಲಿನಲ್ಲಿ ನಿಂತ ಗರಿ, ಅವರ ಜಿಡ್ಡು ಕುಡಿದು ಬುಡ ಹಳದಿಯಾಗಿತ್ತು. ಒಬ್ಬ ಮನುಷ್ಯನನ್ನು ದೂರದಿಂದ ಕೊಲ್ಲಲು ಶತ್ರುವಿಗೆ ಅದಕ್ಕಿಂತ ಹೆಚ್ಚೇನೂ ಬೇಡ. ನೀನು, "ಒರೆಸಲಿಲ್ಲ. ಯೋಚನೆ ಬರಲಿಲ್ಲ" ಎಂದೆ. ಚಿಕ್ಕಪ್ಪನ ಮುಖ ನೋಡಲಿಲ್ಲ ನೀನು. ಅಪ್ಪ ಸತ್ತ ಮೇಲೆ ನಮ್ಮಿಬ್ಬರನ್ನು ಸಾಕಿದವರ ಮುಖ. ನೀನು ನೋಡಿದ್ದು ಎದುರಿಗೆ ಕೂತವರ ತಲೆಯ ಮೇಲಿನ ಆ ಮಂಕು ಗರಿಗಳನ್ನು. "ಅವಕ್ಕೆ ಗೊತ್ತಾಗಿಬಿಟ್ಟಿದೆ. ಇನ್ನು ನಾನು ಮುಚ್ಚಿಡೋದೇನು" ಎಂದೆ.

ಅವಕ್ಕೆ ಏನೂ ಗೊತ್ತಿರಲಿಲ್ಲ ಅಣ್ಣಾ. ಸೋಪಿನ ಪುಡಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ.

ವಮ್ದಿ ದೊಡ್ಡಪ್ಪನ ಕೊಡಲಿಯ ಕಾವು ನಿನ್ನ ಭುಜಕ್ಕೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ಎರಡನೆಯ ಏಟಿಗೆ ಮೊದಲು ಚಿಕ್ಕಪ್ಪ, "ಬಿಡಿ, ಹೋಗ್ಲಿ ಅವನು" ಎಂದರು. ನೀನು ತಲೆಯ ಗರಿಗಳನ್ನು ಬಿಚ್ಚಿ ಬಾಳೆಲೆಯ ಮೇಲೆ ಇಟ್ಟು ಹೋದೆ. ಮುಖದ ಇದ್ದಿಲನ್ನೂ ತೊಳೆದುಕೊಳ್ಳಲಿಲ್ಲ. ನಾನು ಕೈ ನೆಲಕ್ಕೆ ಊರಿಕೊಂಡೇ ಕೂತಿದ್ದೆ.

ಯಾಕೆ ಹೇಳಲಿಲ್ಲ? ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಹಾಜರಿ ಪುಸ್ತಕದಲ್ಲಿ ಇರುವ ಅರ್ಧ ಹುಡುಗರು ಶಾಲೆಯಲ್ಲೇ ಇಲ್ಲ ಎಂದು ಎದ್ದು ಹೇಳಿದವನು ನಾನು. ಮೇಷ್ಟ್ರು ಬೆತ್ತ ಮುರಿಯುವಷ್ಟು ಹೊಡೆದರೂ ಮಾತು ಬದಲಿಸದೆ ಮನೆಗೆ ಬಂದವನು, ಆಮೇಲೆ ಆ ಕಡೆ ತಲೆ ಹಾಕದವನು. ನೀನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ನನ್ನ ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು. ಸುಳ್ಳು ಹೇಳದೆಯೂ ಸುಮ್ಮನೆ ಕೂರಬಹುದು ಎಂದು ಅವತ್ತು ಕಲಿತೆ. ಕಾರಣಗಳನ್ನು ಹುಡುಕಿಟ್ಟುಕೊಂಡಿದ್ದೆ. ನಿನ್ನನ್ನು ಉಳಿಸಲು ಕತೆ ಕಟ್ಟುತ್ತಿದ್ದಾನೆ ಅನ್ನುತ್ತಾರೆ. ನೀನು ಕೊಟ್ಟದ್ದಂತೂ ನಿಜ, ಸೋಪಿನಿಂದ ಅದು ಅಳಿಸುವುದಿಲ್ಲ. ಕೊನೆಗೆ, ಏಟಿನ ಹೆದರಿಕೆ. ಮೂರೂ ನಿಜ. ಮೂರನೆಯದು ಹೆಚ್ಚು ನಿಜ.

ಇದಕ್ಕಿಂತ ಕೆಟ್ಟದ್ದು ಮಾರನೆಯ ಬೆಳಗ್ಗೆ ನಡೆಯಿತು. ಕುಣಿತ ಇನ್ನೊಂದು ದಿನ ಇತ್ತಲ್ಲ. ನಾನು ಬೆಳಕು ಹರಿಯುವಾಗಲೇ ಗೊಂಚಲುಗಳನ್ನು ಹೊಳೆಗೆ ಒಯ್ದು, ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿದೆ. ನೊರೆ ಬರುತ್ತಲೇ ಇತ್ತು. ನಿಂತ ಮೇಲೆ ಆವಿ ಹಿಡಿದೆ, ಒದರಿದೆ. ಎಳೆ ಎಳೆಯಾಗಿ ಅರಳಿದವು. ಮಾಡಿದ ತಪ್ಪನ್ನು ಸರಿ ಮಾಡುತ್ತಿದ್ದೇನೆ ಅಂದುಕೊಂಡೆ, ಅಷ್ಟೇ. ಆ ದಿನ ನಾವು ಬಗ್ಗಿ ಎದ್ದಾಗ ಇಳಿಜಾರಿನವರೆಲ್ಲ ಬಾಯಿ ಮುಚ್ಚಿದರು. ದಾಂಬೆಯವರು ಊಟದ ಹಂದಿಮಾಂಸಕ್ಕೂ ನಿಲ್ಲದೆ ಎದ್ದು ಹೋದರು. ವಮ್ದಿ ದೊಡ್ಡಪ್ಪ ಕಣ್ಣೀರು ಒರೆಸಿಕೊಂಡು, "ನೋಡಿದ್ರಾ? ಕೊಳೆ ಹೊರಗೆ ಹೋಯ್ತು, ಗರಿ ಅರಳ್ತು" ಎಂದರು. ಕೊಳೆ ಎಂದರೆ ನೀನು.

ನಿನ್ನ ವಿರುದ್ಧದ ಸಾಕ್ಷಿಯನ್ನು ನನ್ನ ಕೈಯಾರೆ ಜಾಲಾಡಿ, ಒಣಗಿಸಿ, ತಲೆಯ ಮೇಲೆ ಹೊತ್ತು ಕುಣಿದೆ. ಅದಾದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಹಾಗಾಗಿಯೇ ಚಿಕ್ಕಪ್ಪ ಕೆಮ್ಮಿದ ಮೊದಲ ದಿನವೇ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಗರಿ ಬೇಕೆಂದು ಕುಪಾಲ್ ಕಳಿಸಿದ ಕಾಗದವನ್ನು ನಿನಗೆ ಓದಿ ಹೇಳಿದ್ದು ನಾನೇ. ಗರಿ ತರಲು ಜಿಮಿಗೆ ಹೋದ ದಾರಿಯಲ್ಲಿ ನೀನು ಹೊಳೆಗೆ ಬಿದ್ದಾಗ, ಶತ್ರು ಕುಲದವನು ಎಂದು ನೋಡದೆ ನಿನ್ನ ಜುಟ್ಟು ಹಿಡಿದು ಎಳೆದವನು ಅವನು. ಅವನ ಹೆಣ್ಣಿನ ಕಡೆಯವರು ಕರಿಬಾಲದ ಗರಿಯಿಲ್ಲದೆ ಮದುವೆ ಇಲ್ಲ ಎಂದಿದ್ದರು. ಬೇಲಿಯೊಳಗೆ ಇದರಲ್ಲಿ ಒಂದು ಮಾತನ್ನೂ ನೀನು ಆಡಲಿಲ್ಲ. ಆಡಿದ್ದರೆ ಆ ಒಂದು ಏಟೂ ಬೀಳುತ್ತಿರಲಿಲ್ಲವೋ ಏನೋ. ನೆಪ ಹೇಳುವುದು ನಿನಗೆ ಸೇರದು ಎಂದು ನನಗೆ ಗೊತ್ತು.

ಇವತ್ತಿಗೆ ಇಷ್ಟು. ಪಕ್ಕದ ಮನೆಯಲ್ಲಿ ಬಾಣದ ತುದಿ ಮಸೆಯುತ್ತಿದ್ದಾರೆ, ಆ ಸದ್ದಿಗೆ ಅಕ್ಷರ ವಕ್ರವಾಗುತ್ತಿದೆ. ಉಳಿದದ್ದು ನಾಳೆ, ಬರೆಯುವ ಸ್ಥಿತಿಯಲ್ಲಿದ್ದರೆ.

ಅಣ್ಣಾ, ಈಗ ಮಾರನೆಯ ಸಂಜೆ. ಬರೆಯುವ ಸ್ಥಿತಿಯಲ್ಲಿದ್ದೇನೆ. ಕೆಳತುಟಿ ಮಾತ್ರ ಒಡೆದಿದೆ.

ಚಿಕ್ಕಪ್ಪನನ್ನು ಕಂಬಳಿ ಹೊದಿಸಿ ಹೊರಗೆ ತಂದು ಕೂರಿಸಿದ್ದರು. ವಮ್ದಿ ದೊಡ್ಡಪ್ಪ ಮಾತು ಶುರು ಮಾಡುವ ಮೊದಲೇ ನಾನು ಎದ್ದೆ. ನೀಲಿ ಪುಡಿ, ಮಡು, ನೊರೆ, ಮಾರನೆಯ ದಿನ ಜಾಲಾಡಿದ್ದು, ಎಲ್ಲ ಹೇಳಿದೆ. ಮೊದಲು ಯಾರೋ ನಕ್ಕರು. "ಸೋಪಂತೆ."

"ಅಣ್ಣನ್ನ ಉಳಿಸ್ಕೊಳ್ಳೋಕೆ ನೋಡ್ತಿದ್ದಾನೆ."

"ಹನ್ನೊಂದು ತಿಂಗಳು ನಿನ್ನ ನಾಲಿಗೆ ಯಾರ ಮನೇಲಿ ಅಡವಿಟ್ಟಿದ್ದೆ?" ಇದನ್ನು ಕೇಳಿದವನೇ ನನ್ನ ತುಟಿ ಒಡೆದದ್ದು. ಕೇಳಿದ್ದು ಸರಿಯಾಗಿಯೇ ಇತ್ತು.

ವಮ್ದಿ ದೊಡ್ಡಪ್ಪ ಹೊಡೆಯಲಿಲ್ಲ. ಅವರ ಮಾತಿನಿಂದಲೇ ಹೆಚ್ಚು ನೋವಾಯಿತು. "ಸರಿ, ಸೋಪೇ ಅಂತಿಟ್ಕೋ. ಇಷ್ಟು ವರ್ಷದಲ್ಲಿ ಯಾರಿಗೂ ಬರದ ಆ ಬುದ್ಧಿ ನಿನಗೆ ಆವತ್ತೇ ಯಾಕೆ ಬಂತು? ನಿನ್ನ ಅಣ್ಣ ಒಳಗೆ ಬಚ್ಚಿಟ್ಟಿದ್ದೇ ನಿನ್ನ ಕೈ ಹಿಡಿದು ಹೊಳೆಗೆ ಕರ್ಕೊಂಡು ಹೋಯ್ತು." ಎಲ್ಲರೂ ಹೌದು ಎಂದು ತಲೆ ಆಡಿಸಿದರು.  

ಆಗ ಚಿಕ್ಕಪ್ಪ ಬಾಯಿ ತೆರೆದರು. "ಮಾತು ಸಾಕು. ನನ್ನ ಕೆಂಪು ಗೊಂಚಲು ತನ್ನಿ. ಆ ಪುಡಿಯನ್ನೂ ತನ್ನಿ." ತಂದರು. ಅದು ತಾತ ಜಿಮಿಯಿಂದ ತಂದದ್ದು. "ಮೊದಲು ಎಲ್ಲರೂ ಹೊಟ್ಟೇಲಿರೋದನ್ನ ಹಾಕಿ. ಒಬ್ಬನೂ ಏನನ್ನೂ ಉಳಿಸ್ಕೋಬಾರ್ದು. ಆಮೇಲೆ ಇವನು ತೊಳೀಲಿ. ಆಗ ಯಾರ ಗುಟ್ಟು ಇವನ ಕೈ ಹಿಡಿಯುತ್ತೆ ನೋಡೋಣ." ಸಾಲಾಗಿ ಒಬ್ಬೊಬ್ಬರೂ ಹೇಳಿದರು. ಕದ್ದ ಕಾಫಿ, ಬೈದ ಬೈಗುಳ, ಅತ್ತಿಗೆಯ ಮೇಲಿನ ಕಣ್ಣು. ವಮ್ದಿ ದೊಡ್ಡಪ್ಪ ಕೊನೆಗೆ, ಅಯ್ಪೆಗೆ ಎರಡನೆಯ ಏಟು ಹೊಡೆಯಲಾಗಲಿಲ್ಲ ಎಂದು ತನಗೆ ಇನ್ನೂ ಸಿಟ್ಟಿದೆ ಎಂದರು.

ಅಲ್ಲೇ ಬೋಗುಣಿಯಲ್ಲಿ ತೊಳೆದೆ. ಬೆಂಕಿಯ ಹತ್ತಿರ ಒಣಗಿಸಿ ಎತ್ತಿ ಹಿಡಿದಾಗ, ಇಡೀ ಗೊಂಚಲು ಅವತ್ತಿನಂತೆಯೇ ಮಂಕಾಗಿ ಜೋತುಬಿದ್ದಿತ್ತು.  ಆಮೇಲೆ ಜಾಲಾಡಿದೆ.  ಅರಳದಿದ್ದರೆ ನಾನು ಸುಳ್ಳುಗಾರ, ಸಂಜೆಗೆ ದಾಂಬೆಯವರ ಮನೆಗಳಿಗೆ ಬೆಂಕಿ, ಕುಪಾಲ್‌ನ ಹೆಂಡತಿ ಈಗ ತುಂಬಿದ ಬಸುರಿ. ಆವಿಯ ಮೇಲೆ ಹಿಡಿದೆ. ಒದರಿದೆ. ಏನೂ ಆಗಲಿಲ್ಲ. ಯಾರೋ ಬಿಲ್ಲು ಕೈಗೆ ತೆಗೆದುಕೊಂಡದ್ದು ಕಂಡಿತು. ಮತ್ತೆ ಹಿಡಿದೆ, ಒದರಿದೆ. ಒಂದು ಬದಿಯ ಎಳೆಗಳು ಬಿಟ್ಟುಕೊಂಡವು, ಆಮೇಲೆ ನಡುವಿನವು. ಇನ್ನೊಂದು ಬದಿ ಸ್ವಲ್ಪ ಸೊಟ್ಟಗೇ ಉಳಿಯಿತು, ಹಳೆಯ ಗರಿ. ಆದರೆ ಬಿಸಿಲಿಗೆ ಹಿಡಿದಾಗ ಕೆಂಪು ಎದ್ದಿತು.

ಚಿಕ್ಕಪ್ಪ ಅದನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ಹಾಗಾದ್ರೆ ನನ್ನ ಕೆಮ್ಮು?" ಎಂದು ನನ್ನನ್ನು ಕೇಳಿದರು.

ಅದು ಬರೀ ಕೆಮ್ಮು ಎಂದಿದ್ದರೆ ಎಲ್ಲ ಸಲೀಸಾಗುತ್ತಿತ್ತು. "ಅದು ನನಗೆ ಗೊತ್ತಿಲ್ಲ ಚಿಕ್ಕಪ್ಪಾ. ಗರಿ ವಿಷಯ ಮಾತ್ರ ಗೊತ್ತು" ಎಂದೆ.

"ಬೇಕಾದಾಗ್ಲೂ ಸುಳ್ಳು ಬರಲ್ಲ ಈ ಪೆದ್ದನಿಗೆ" ಎಂದರು. ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾದೆವು. ಬಾಯಿ ಒರೆಸಿಕೊಂಡು ಹೇಳಿದರು: "ಗೊತ್ತಿರೋರ ಹತ್ತಿರ ಕೇಳೋಣ. ನಾಳೆ ಆಸ್ಪತ್ರೆಗೆ ಹೊರ್ರಿ ನನ್ನ. ನಾನು ಸಾಯೋಕೆ ಮುಂಚೆನೇ ನನ್ನ ಸಾವಿಗೆ ಸೇಡು ತೀರಿಸ್ಕೊಳ್ಳೋ ಅವಸರ ಯಾರಿಗೂ ಬೇಡ." ವಮ್ದಿ ದೊಡ್ಡಪ್ಪ ನೆಲಕ್ಕೆ ಉಗಿದು ಎದ್ದು ಹೋದರು. ಬಿಲ್ಲು ಅಲ್ಲೇ ಬಿಟ್ಟು ಹೋದರು.

ಎಲ್ಲ ಚದುರಿದ ಮೇಲೆ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು. "ಅಯ್ಪೆ ಯಾಕೆ ಕೊಟ್ಟ ಅದನ್ನ? ನಿಂಗೆ ಗೊತ್ತಾ?"

"ಗೊತ್ತು."

"ಹೇಳು."

"ಅದು ಅವನು ಹೇಳಬೇಕಾದ್ದು. ನನ್ನದನ್ನ ನಾನು ಹೇಳಿದ್ದೀನಿ."

ಹೊಡೆಯುತ್ತಾರೆ ಎಂದುಕೊಂಡೆ. ಅವರು ಕಂಬಳಿಯನ್ನು ಭುಜಕ್ಕೆ ಎಳೆದುಕೊಂಡರು. "ಹಾಗಾದ್ರೆ ಅವನಿಗೆ ಬರಿ. ಅವನ ಬಾಯಿಂದಲೇ ಕೇಳ್ಬೇಕು. ಕೇಳಿ ಚೆನ್ನಾಗಿ ಬೈಬೇಕು. ಬೈಯೋದಕ್ಕಾದ್ರೂ ನಾನು ಬದುಕಿರ್ಬೇಕಲ್ಲ, ಬೇಗ ಬಾ ಅನ್ನು."

ಅಣ್ಣಾ, ಅವರು ಕ್ಷಮಿಸಿದ್ದಾರೆ ಎಂದು ನಾನು ಬರೆಯುವುದಿಲ್ಲ, ಅವರು ಹಾಗೆ ಹೇಳಲಿಲ್ಲ. ಅವರು ಗುಣವಾಗುತ್ತಾರೆ ಎಂದೂ ಬರೆಯಲಾರೆ. ಊರಿನ ದಾರಿಯಲ್ಲಿ ಬರಬೇಡ, ಸೋಪಿನ ಮಾತು ನಂಬದವರು ಇನ್ನೂ ಮೂರು ನಾಲ್ಕು ಜನ ಇದ್ದಾರೆ. ಲಾರಿಯಿಂದ ಹೆದ್ದಾರಿಯಲ್ಲೇ ಇಳಿದು ನೇರ ಆಸ್ಪತ್ರೆಗೆ ಹೋಗು. ಅವರ ಹಾಸಿಗೆಯ ಪಕ್ಕ ನಾನಿರುತ್ತೇನೆ. ನನ್ನನ್ನು ಹೊಡೆಯಬೇಕು ಎನ್ನಿಸಿದರೆ ಹೊಡಿ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಮೊದಲು ಅವರ ಹತ್ತಿರ ಕೂತು ಬೈಸಿಕೋ. ಅವರಿಗೆ ಉಸಿರು ಕಡಿಮೆ ಇದೆ, ಬೈಯಲು ಹೊತ್ತು ಹಿಡಿಯುತ್ತದೆ.

ನೀನು ಹೊರಡುವ ದಿನ ಬಿಸಿಲಿರಲಿ. ಹತ್ತಿದ ಲಾರಿ ನಡುದಾರಿಯಲ್ಲಿ ನಿಲ್ಲದಿರಲಿ. ನೀನು ಬರುವವರೆಗೆ ಅವರ ಉಸಿರು ಉಳಿದಿರಲಿ.

ನಿನ್ನ ತಮ್ಮ,
ತುಮುನ್